ಜೀಪಿನ ಎಂಜಿನ್ನೂ ಅದರ ಕಾಲಜ್ಞಾನವೂ

ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆಂದು ಸಹಪಾಠಿಗಳು ನಗಬಹುದು. ಆದರೆ ಕಳೆದ ಕೊಯ್ಲಿನ ಕಾಲದಲ್ಲಿ ನಾನು ಕಲಿತ ಪಾಠವೊಂದನ್ನು ಹೇಳದೆ ಇರಲಾರೆ.

ಚೆಟ್ಟಳ್ಳಿ ಎಂದೊಡನೆ 1946ರಲ್ಲಿ ಸ್ಥಾಪನೆಯಾದ ಕಾಫಿ ಸಂಶೋಧನಾ ಉಪಕೇಂದ್ರ ಅನೇಕರಿಗೆ ನೆನಪಾಗುತ್ತದೆ. ಅಲ್ಲಿಯೇ ನನ್ನ ಸೋದರಮಾವನವರ ಸಣ್ಣ ತೋಟ. ಅವರ ಹಳೆಯ ವಿಲ್ಲಿಸ್ ಜೀಪಿಗೆ ಎರಡು ಹರಿಕೇನ್ ಎಂಜಿನ್ನುಗಳ ಭಾಗಗಳನ್ನು ಕೂಡಿಸಿ ಒಂದು ಎಂಜಿನ್ ಕಟ್ಟಿದ್ದೆವು. ತಳಭಾಗ ಒಂದರದು, ಹೆಡ್ಡು, ಕ್ಯಾಮ್ ಶಾಫ್ಟ್ ಮತ್ತು ಅದರ ಹಲ್ಲುಚಕ್ರ ಇನ್ನೊಂದರದು. ಎಂಜಿನ್ ಹೊರಟಿತು, ಆದರೆ ಮೂಟೆ ಹೇರಿ ಏರು ಹತ್ತಿಸಿದರೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ಕಾಫಿ ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಬೇಕು. ಒಂದು ರಾತ್ರಿ ಮೂಟೆಗಳು ದಾರಿಯಲ್ಲೇ ಉಳಿದು ಹಣ್ಣು ಹುಳಿಯಿತು.

ಇದರ ಮೂಲವೇನು? ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಿ ಕವಾಟಗಳನ್ನು ತೆರೆಯುತ್ತದೆ. ಕ್ಯಾಮಿನ ಚಕ್ರಕ್ಕೆ 40 ಹಲ್ಲುಗಳಿವೆ ಎಂದು ಭಾವಿಸೋಣ. ಒಂದು ಹಲ್ಲು ತಪ್ಪಿದರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ತಪ್ಪಿದಂತೆ. ಹರಿಕೇನ್ ಎಂಜಿನ್ನಿನಲ್ಲಿ ಒಳಕವಾಟವು ಪಿಸ್ಟನ್ ಮೇಲ್ತುದಿ ಮುಟ್ಟುವ 9 ಡಿಗ್ರಿ ಮೊದಲು ತೆರೆದು, ಕೆಳತುದಿ ದಾಟಿದ 50 ಡಿಗ್ರಿಗೆ ಮುಚ್ಚಬೇಕು. ತಡವಾಗಿ ಮುಚ್ಚಿದರೆ, ನಿಧಾನಗತಿಯಲ್ಲಿ ಮೇಲೇರುವ ಪಿಸ್ಟನ್ ಒಳಗೆ ಬಂದ ಪೆಟ್ರೋಲು–ಗಾಳಿಯ ಮಿಶ್ರಣವನ್ನು ಹಿಂದಕ್ಕೆ ನೂಕುತ್ತದೆ. ಏರಿನಲ್ಲಿ ಶಕ್ತಿ ಕುಂದುವುದು ಇದರಿಂದಲೇ.

ನಾವು ಚಕ್ರಗಳ ಮೇಲಿನ ಗುರುತುಗಳನ್ನು ನಂಬಿದ್ದೆವು. “ಬೇರೆ ಬೇರೆ ಮನೆಯ ಚಕ್ರ ಇವು. ಗುರುತು ಬಿಡಿ, ಪಿಸ್ಟನ್ನನ್ನೇ ಕೇಳೋಣ” ಎಂದರು ಊರಿನ ಮೇಸ್ತ್ರಿಗಳು.

ಮೇಲ್ತುದಿಯಲ್ಲಿ ಪಿಸ್ಟನ್ ಕ್ಷಣಕಾಲ ನಿಂತಂತಿರುವುದರಿಂದ ಕಣ್ಣಳತೆ ಸಾಲದು. ಆದ್ದರಿಂದ ಹೆಡ್ಡನ್ನು ಬಿಚ್ಚಿ, ಒಂದನೆಯ ಸಿಲಿಂಡರಿನ ಮೇಲೆ ಅಡ್ಡಪಟ್ಟಿ ಬಿಗಿದು, ಪಿಸ್ಟನ್ ಮೇಲ್ತುದಿಗೆ ಸ್ವಲ್ಪ ಕೆಳಗೇ ತಡೆಯುವಂತೆ ಮಾಡಿದೆವು. ಕ್ರ್ಯಾಂಕಿಗೆ ಡಿಗ್ರಿ ಬರೆದ ತಟ್ಟೆಯನ್ನೂ ಎದುರಿಗೆ ಒಂದು ತಂತಿಮುಳ್ಳನ್ನೂ ಕಟ್ಟಿದೆವು. ಒಂದು ಕಡೆಗೆ ತಿರುಗಿಸಿ ಪಿಸ್ಟನ್ ತಾಗಿದಲ್ಲಿ ಗುರುತು, ಇನ್ನೊಂದು ಕಡೆಗೆ ತಿರುಗಿಸಿ ತಾಗಿದಲ್ಲಿ ಮತ್ತೊಂದು ಗುರುತು. ಅವೆರಡರ ನಟ್ಟನಡುವೆ ನಿಜವಾದ ಮೇಲ್ತುದಿ.

ಬಳಿಕ ಪಟ್ಟಿ ತೆಗೆದು, ಹೆಡ್ಡನ್ನು ಕೂರಿಸಿ, ಕೈಪುಸ್ತಕದಂತೆ ಕವಾಟದ ಅಂತರವಿಟ್ಟು, ಎಂಜಿನ್ ಓಡುವ ದಿಕ್ಕಿನಲ್ಲಿಯೇ ಮೆಲ್ಲನೆ ತಿರುಗಿಸಿದೆವು. ಹಿಂದುಮುಂದಾಗಿ ತಿರುಗಿಸಿದರೆ ಹಲ್ಲುಗಳ ನಡುವಣ ಸಡಿಲು ಲೆಕ್ಕ ಕೆಡಿಸುತ್ತದೆ. ಒಳಕವಾಟವು ಮೇಲ್ತುದಿಗೆ ಮುಂಚೆ ತೆರೆಯುವ ಬದಲು ಅದನ್ನು ದಾಟಿದ ಮೇಲೆ ತೆರೆಯುತ್ತಿತ್ತು! ಕ್ಯಾಮಿನ ಚಕ್ರವನ್ನು ಕಳಚಿ ಒಂದು ಹಲ್ಲು ಮುಂದಕ್ಕೆ ಕೂರಿಸಿದೆವು. ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ಪುನಃ ಅಳೆದಾಗ ಲೆಕ್ಕ ಸರಿಹೋಯಿತು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರಿಗೂ ಚಾಲನೆ ಕ್ಯಾಮಿನಿಂದಲೇ ಬರುವುದರಿಂದ ಕಿಡಿಯ ಕಾಲವನ್ನೂ ಹೊಸದಾಗಿ ಹೊಂದಿಸಬೇಕಾಯಿತು.

ಮರುದಿನ ಸಂಜೆ ಜೀಪು ಹಣ್ಣಿನ ಮೂಟೆಗಳೊಡನೆ ಏರು ಹತ್ತಿತು. ಮಾವನವರು ಏನೂ ಹೇಳಲಿಲ್ಲ. ಪಲ್ಪರಿನ ನೀರು ಬಿಡಲು ಹೋದರು. ಇತರರು ಹಾಕಿದ ಗುರುತನ್ನು ನಂಬುವ ಮುನ್ನ ಒಮ್ಮೆ ಅಳೆದು ನೋಡುವುದು ನಮ್ಮ ವ್ಯಾಸಂಗಕ್ಕೂ ಒಪ್ಪುವ ಮಾತೆಂದು ನನಗೆ ಅಂದು ತೋರಿತು.