ಒಲೆಯ ನೀಲಿ, ಹಣತೆಯ ಹಳದಿ

ರಾತ್ರಿ ಅಡುಗೆಮನೆಯ ಲೈಟು ಆರಿಸಿ ಗ್ಯಾಸ್ ಒಲೆ ಹಚ್ಚಿ ನೋಡಿ. ಬರ್ನರಿನ ಒಂದೊಂದು ತೂತಿಗೂ ಒಂದೊಂದು ಪುಟ್ಟ ನೀಲಿ ಮೊನೆ, ಅದರ ಸುತ್ತ ಇನ್ನೂ ತೆಳುವಾದ ನೀಲಿ ಹೊದಿಕೆ. ದೇವರ ಮುಂದಿನ ದೀಪದ ಕುಡಿಯೋ ಹೊಂಬಣ್ಣದ ಹಳದಿ. ಎರಡರಲ್ಲೂ ಉರಿಯುವುದು ಮುಖ್ಯವಾಗಿ ಕಾರ್ಬನ್ ಮತ್ತು ಹೈಡ್ರೋಜನ್ನೇ. ಬೆಳಕು ಹುಟ್ಟುವ ಬಗೆ ಮಾತ್ರ ಪೂರಾ ಬೇರೆ.

ಹಳದಿಯ ಗುಟ್ಟು ಕಾಡಿಗೆಯಲ್ಲಿದೆ. ಬತ್ತಿ ಹೀರಿದ ಎಣ್ಣೆ ಬಿಸಿಗೆ ಆವಿಯಾಗುತ್ತದೆ. ಉರಿಯುವುದು ಆ ಆವಿ. ಕುಡಿಯ ಒಳಭಾಗಕ್ಕೆ ಗಾಳಿ ಸಾಲದ ಕಾರಣ ಅಲ್ಲಿ ಆವಿಯ ಅಣುಗಳು ಒಡೆದು, ಕಾರ್ಬನ್ ಒಟ್ಟುಗೂಡಿ ಮಸಿಯ ಕಣಗಳಾಗುತ್ತವೆ. ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಅವು ಕುಲುಮೆಯ ಕಬ್ಬಿಣದಂತೆ ಕಾದು ಬೆಳಗುತ್ತವೆ. ಅಂಚಿಗೆ ಬಂದಾಗ ಆಮ್ಲಜನಕ ಸಿಕ್ಕಿ ಸುಟ್ಟುಹೋಗುತ್ತವೆ. ಅಷ್ಟರೊಳಗೆ ತಟ್ಟೆಯೊಂದನ್ನು ಅಡ್ಡ ಹಿಡಿದರೆ ತಣಿದು ಅಂಟಿಕೊಳ್ಳುತ್ತವೆ. ಅಜ್ಜಿಯರು ಕಾಡಿಗೆ ಹಿಡಿಯುತ್ತಿದ್ದುದು ಹೀಗೆಯೇ. 1860ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮೇಣದಬತ್ತಿಯ ಬಗ್ಗೆ ಎಳೆಯರಿಗೆ ಉಪನ್ಯಾಸ ಕೊಟ್ಟಾಗ ತೋರಿಸಿದ್ದೂ ಇದನ್ನೇ: ಜ್ವಾಲೆಗೆ ಹೊಳಪು ಕೊಡುವುದು ಅದರೊಳಗಿನ ಘನ ಕಣ.

ನೀಲಿಯ ಕಥೆ ಇನ್ನೂ ಸೂಕ್ಷ್ಮ, ನನಗಂತೂ ಇನ್ನೂ ಪ್ರಿಯ. ಗ್ಯಾಸ್ ಒಲೆಯಲ್ಲಿ ಪ್ರೊಪೇನ್, ಬ್ಯೂಟೇನ್ ಅನಿಲಗಳು ಹೊತ್ತಿಕೊಳ್ಳುವ ಮೊದಲೇ ಗಾಳಿಯೊಂದಿಗೆ ಬೆರೆತಿರುತ್ತವೆ. ಮಸಿ ಕಟ್ಟಲು ಪುರುಸೊತ್ತೇ ಇಲ್ಲ. ಆದರೆ ಇಂಧನದ ಅಣು ಒಂದೇ ಏಟಿಗೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಆಗಿಬಿಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ನಡುವೆ ಕ್ಷಣಕ್ಕಿಂತ ಕಡಿಮೆ ಬಾಳುವ ತುಣುಕುಗಳು ಹುಟ್ಟುತ್ತವೆ: ಕಾರ್ಬನ್ನಿಗೆ ಒಂದೇ ಹೈಡ್ರೋಜನ್ ಅಂಟಿದ್ದು ಒಂದು, ಎರಡು ಕಾರ್ಬನ್‌ಗಳ ಜೋಡಿ ಇನ್ನೊಂದು. ಇವುಗಳಲ್ಲಿ ಕೆಲವು ಹುಟ್ಟುವಾಗಲೇ ಕ್ರಿಯೆಯ ಶಕ್ತಿಯನ್ನು ಮೈದುಂಬಿಕೊಂಡಿರುತ್ತವೆ. ಆ ಹೆಚ್ಚಿನ ಶಕ್ತಿಯನ್ನು ಬೆಳಕಾಗಿ ಚೆಲ್ಲಿ ಹಗುರಾಗುತ್ತವೆ. ಮೊದಲನೆಯದು ಚೆಲ್ಲುವುದು 431 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ, ನೇರಳೆ ಛಾಯೆಯ ನೀಲಿ. ಜೋಡಿ ಕಾರ್ಬನ್ನಿನದು 516ರ ಸುತ್ತಿನ ಹಸಿರು. ಈ ಹಸಿರು ಪಟ್ಟಿಗಳಿಗೆ ಸ್ಕಾಟ್ಲೆಂಡಿನ ವಿಜ್ಞಾನಿ ವಿಲಿಯಂ ಸ್ವಾನ್ ಹೆಸರಿದೆ. ಎಷ್ಟೋ ಧೂಮಕೇತುಗಳ ತಲೆ ಹಸಿರಾಗಿ ಕಾಣುವುದೂ ಇದೇ ಕಾರ್ಬನ್ ಜೋಡಿಯಿಂದ. ಅಲ್ಲಿ ಶಕ್ತಿ ಕೊಡುವವನು ಸೂರ್ಯ. ಕಾರ್ಬನ್ನೇ ಇಲ್ಲದ ಶುದ್ಧ ಹೈಡ್ರೋಜನ್ ಹೊತ್ತಿ ಉರಿದರೆ ಹಗಲಲ್ಲಿ ಆ ಉರಿ ಕಣ್ಣಿಗೆ ಬೀಳುವುದೇ ಕಷ್ಟ.

ಸಾರು ಉಕ್ಕಿ ಒಲೆಗೆ ಬಿದ್ದಾಗ ನೀಲಿ ಉರಿ ಫಕ್ಕನೆ ಹಳದಿಗೆ ತಿರುಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂ ಕೊಡುವ 589 ನ್ಯಾನೊಮೀಟರಿನ ಬೆಳಕು, ಗಾಬರಿ ಬೇಡ. ಆದರೆ ಉರಿ ಸದಾ ಹಳದಿಯಾಗಿದ್ದು ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಗ್ಯಾಸಿಗೆ ಸಾಕಷ್ಟು ಗಾಳಿ ಸೇರುತ್ತಿಲ್ಲ ಎಂದರ್ಥ. ಅರೆಬರೆ ಉರಿದ ಗ್ಯಾಸಿನಿಂದ ಮಸಿಯ ಜೊತೆಗೆ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೂಡ ಹುಟ್ಟುತ್ತದೆ. ಕಿಟಕಿ ತೆರೆದಿಡಿ, ಬರ್ನರಿನ ತೂತುಗಳನ್ನು ಶುಚಿ ಮಾಡಿ. ಆಮೇಲೂ ನೀಲಿ ಮರಳದಿದ್ದರೆ ರಿಪೇರಿಯವರನ್ನು ಕರೆಸಿ.