ಗೊರಕೆಗೆ ಹಲ್ಲಿನ ವೈದ್ಯರ ಮದ್ದು

ತೇರದಾಳದ ಸುತ್ತಲಿನ ಕಬ್ಬಿನ ಹೊಲಗಳಲ್ಲಿ ನೀರೆತ್ತುವ ಪಂಪನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಪಂಪಿನಿಂದ ನೀರನ್ನು ಹೊರಕ್ಕೆ ಒಯ್ಯುವ ಕೊಳವೆ ಮೆತ್ತನೆಯದಾಗಿದ್ದರೂ ನಡೆಯುತ್ತದೆ. ನೀರಿಲ್ಲದಾಗ ಅದು ಚಪ್ಪಟೆಯಾಗಿ ಬಿದ್ದಿರುತ್ತದೆ. ನೀರು ಬಂದೊಡನೆ ಉಬ್ಬಿ ದುಂಡಗಾಗುತ್ತದೆ. ಆದರೆ ಬಾವಿಯಿಂದಲೋ ಹೊಳೆಯಿಂದಲೋ ನೀರನ್ನು ಹೀರುವ ಕಡೆಯ ಕೊಳವೆ ಹಾಗಿರುವಂತಿಲ್ಲ. ಅದು ಗಟ್ಟಿಯಾಗಿರಬೇಕು, ಇಲ್ಲವೇ ಅದರ ಗೋಡೆಗೆ ಸುರುಳಿಯ ಬಲವಿರಬೇಕು. ಮೆತ್ತನೆಯ ಕೊಳವೆಯನ್ನು ಅಲ್ಲಿ ಜೋಡಿಸಿದರೆ, ಒಳಗಿನ ಒತ್ತಡ ಕುಗ್ಗಿದ ಕೂಡಲೇ ಹೊರಗಿನ ವಾಯುವಿನ ಒತ್ತಡವು ಅದನ್ನು ಅಮುಕಿಬಿಡುತ್ತದೆ. ಪಂಪು ಹೆಚ್ಚು ಹೆಚ್ಚು ಹೀರಿದಷ್ಟೂ ಕೊಳವೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ.

ಉಸಿರನ್ನು ಒಳಕ್ಕೆಳೆಯುವಾಗ ನಮ್ಮ ಗಂಟಲೂ ಹೀರುವ ಕಡೆಯ ಕೊಳವೆಯೇ. ಮೇಲೆ ಮೂಗಿಗೆ ಎಲುಬಿನ ಆಧಾರವುಂಟು. ಕೆಳಗೆ ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳುಂಟು. ಇವೆರಡರ ನಡುವೆ, ಅಂಗುಳಿನ ಹಿಂಬದಿಯಿಂದ ನಾಲಗೆಯ ಬುಡದವರೆಗಿನ ದಾರಿಗೆ ಮಾತ್ರ ಅಂಥ ಬಳೆಗಳಿಲ್ಲ. ನಿಸರ್ಗವು ಇಲ್ಲಿ ತಪ್ಪು ಮಾಡಿತೆಂದು ತಿಳಿಯಬಾರದು. ಅನ್ನವನ್ನು ನುಂಗುವುದೂ ಮಾತಿಗೆ ರೂಪ ಕೊಡುವುದೂ ಇದೇ ದಾರಿಯ ಕೆಲಸ. ಅದು ಕಬ್ಬಿಣದ ನಳಿಗೆಯಂತಿದ್ದರೆ ಎರಡೂ ಸಾಗುತ್ತಿರಲಿಲ್ಲ. ಎಚ್ಚರವಿರುವಾಗ ಸ್ನಾಯುಗಳು ಬಿಗಿದು ನಿಂತು ದಾರಿಯನ್ನು ತೆರೆದಿಡುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದವನ ಕೆಳದವಡೆಯೂ ನಾಲಗೆಯೂ ತಮ್ಮ ಭಾರದಿಂದ ಹಿಂದಕ್ಕೆ ಸರಿಯುತ್ತವೆ, ದಾರಿ ಕಿರಿದಾಗುತ್ತದೆ.

ಕಿರಿದಾದ ದಾರಿಯಲ್ಲಿ ಗಾಳಿ ವೇಗವಾಗಿ ಹರಿಯಬೇಕು. ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆಯಾಗುವುದೆಂಬ ಬರ್ನೌಲಿಯ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಎರಡು ಹಾಳೆಗಳನ್ನು ತುಸು ಅಂತರದಲ್ಲಿ ಎದುರುಬದುರಾಗಿ ಹಿಡಿದು ನಡುವೆ ಊದಿದರೆ ಅವು ದೂರ ಸರಿಯುವುದರ ಬದಲು ಒಂದನ್ನೊಂದು ಸೇರುತ್ತವೆ. ಅದರಂತೆಯೇ ಮೃದು ಅಂಗುಳೂ ಕಿರುನಾಲಗೆಯೂ ಒಳಕ್ಕೆ ಸೆಳೆಯಲ್ಪಟ್ಟು, ಮತ್ತೆ ಬಿಟ್ಟು, ಗಾಳಿಗೆ ಸಿಕ್ಕ ಬಾವುಟದಂತೆ ಪಟಪಟನೆ ಕಂಪಿಸುತ್ತವೆ. ಈ ಕಂಪನದ ಸದ್ದೇ ಗೊರಕೆ. ಗಾಳಿ ಶಾಂತವಾಗಿ ಹರಿಯುವ ಕೊಳವೆಯ ತ್ರಿಜ್ಯ ಅರ್ಧವಾದರೆ ಅದರ ತಡೆ 16 ಪಟ್ಟು ಹೆಚ್ಚುತ್ತದೆ. ಗಂಟಲಿನ ಹರಿವು ಅಷ್ಟು ಶಾಂತವಲ್ಲವಾದರೂ, ಒಂದೆರಡು ಮಿಲಿಮೀಟರುಗಳ ಬೆಲೆ ಅಲ್ಲಿ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಬರಿಯ ಸದ್ದಾಗಿದ್ದರೆ ಕುಂಭಕರ್ಣನೆಂದು ಗೇಲಿಮಾಡಿ ಸುಮ್ಮನಾಗಬಹುದಿತ್ತು. ಕೆಲವರಲ್ಲಿ ಕೊಳವೆ ಪೂರ್ತಿಯಾಗಿ ಮುಚ್ಚಿಹೋಗುತ್ತದೆ. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಮಾತ್ರ ಒಳಹೋಗದು, ಸದ್ದೂ ಅಡಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕೊನೆಗೆ ಮಿದುಳು ಅರೆಕ್ಷಣ ಎಚ್ಚೆತ್ತು ಸ್ನಾಯುಗಳನ್ನು ಬಿಗಿಗೊಳಿಸಿದಾಗ ಭುಸ್ಸೆಂದು ಉಸಿರು ಮರಳುತ್ತದೆ. ಮತ್ತೆ ನಿದ್ರೆ, ಮತ್ತೆ ಕಟ್ಟು. ಹೀಗೆ 10 ಸೆಕೆಂಡಾದರೂ ಉಸಿರು ನಿಂತರೆ ಅದನ್ನು ಒಂದು ಉಸಿರುಕಟ್ಟೆಂದು ವೈದ್ಯರು ಎಣಿಸುತ್ತಾರೆ. ಪೂರ್ತಿ ನಿಂತವನ್ನೂ ತೀರ ಕ್ಷೀಣಿಸಿದವನ್ನೂ ಕೂಡಿಸಿದಾಗ ಗಂಟೆಗೆ 5ರಿಂದ 15 ಬಂದರೆ ರೋಗ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ.

ರೋಗಿಗೆ ಇದಾವುದರ ಅರಿವೂ ಇರುವುದಿಲ್ಲ. ರಾತ್ರಿಯೆಲ್ಲ ಗೊರಕೆ ಹೊಡೆದನೆಂದರೆ ಸುಖನಿದ್ರೆ ಮಾಡಿದನೆಂದೇ ಮನೆಯವರು ತಿಳಿಯುತ್ತಾರೆ. ಆತನಾದರೋ ಬೆಳಿಗ್ಗೆ ತಲೆನೋವಿನೊಡನೆ ಏಳುತ್ತಾನೆ, ಹಗಲು ಕುಳಿತಲ್ಲೇ ತೂಕಡಿಸುತ್ತಾನೆ, ರಕ್ತದ ಒತ್ತಡ ಏರಿಕೊಳ್ಳುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ರಸ್ತೆಗಳಲ್ಲಿ ರಾತ್ರಿಯ ಹೊತ್ತು ಸಾಗುವ ಟ್ರ್ಯಾಕ್ಟರುಗಳನ್ನು ನೆನೆಯಿರಿ. ಚುಕ್ಕಾಣಿ ಹಿಡಿದವನು ಇಂಥ ರೋಗಿಯಾಗಿದ್ದರೆ ಗಂಡಾಂತರ ಅವನೊಬ್ಬನದೇ ಅಲ್ಲ. ಆದಕಾರಣ ಈ ರೋಗಕ್ಕೆ ಮೊದಲ ಸಾಕ್ಷಿ ಪಕ್ಕದಲ್ಲಿ ಮಲಗಿದವರು. ತಂದೆಯ ಗೊರಕೆ ನಡುವೆ ಥಟ್ಟನೆ ನಿಂತು ಮತ್ತೆ ಭುಸುಗುಟ್ಟುತ್ತ ಆರಂಭವಾಗುವುದಾದರೆ, ಮಗನು ಗಡಿಯಾರ ಹಿಡಿದು ಆ ಮೌನವನ್ನು ಎಣಿಸಿ ವೈದ್ಯರಿಗೆ ತಿಳಿಸಬಹುದು.

ಚಾರ್ಲ್ಸ್ ಡಿಕನ್ಸನು 1836-37ರಲ್ಲಿ ಬರೆದ ಪಿಕ್‌ವಿಕ್ ಕಥೆಯಲ್ಲಿ ಸದಾ ನಿದ್ರಿಸಿ ಗೊರೆಯುವ ದಡಿಯ ಹುಡುಗನೊಬ್ಬನಿದ್ದಾನೆ. ಓದಿದವರೆಲ್ಲ ನಕ್ಕರು. ನಿದ್ರೆಯಲ್ಲಿ ಉಸಿರು ಕಟ್ಟುವುದನ್ನು ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಬೇರೆ ಬೇರೆಯಾಗಿ ಅಳೆದು ತೋರಿಸಿದ್ದು 1965ರಷ್ಟು ಈಚೆಗೆ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಒಂದು ಸರಳೋಪಾಯವನ್ನು ಪ್ರಕಟಿಸಿದರು. ಮೂಗಿಗೆ ಮುಸುಕು ಕಟ್ಟಿ ಯಂತ್ರದಿಂದ ಎಡೆಬಿಡದೆ ಗಾಳಿಯನ್ನು ಊದುವುದು. ಹೀರುವ ಕಡೆಯ ಕೊಳವೆಯನ್ನು ಊದುವ ಕಡೆಯದನ್ನಾಗಿ ಮಾಡುವ ಜಾಣ್ಮೆಯಿದು! ಬೇಕಾಗುವ ಒತ್ತಡವು ಸುಮಾರು 10 ಸೆಂಟಿಮೀಟರು ನೀರಿನ ಕಂಬದಷ್ಟು, ಅಂದರೆ ವಾಯುಮಂಡಲದ ಒತ್ತಡದಲ್ಲಿ ನೂರನೆಯ ಒಂದು ಪಾಲು. ಸಿಪ್ಯಾಪ್ ಎಂಬ ಈ ಯಂತ್ರವೇ ಇಂದಿಗೂ ತೀವ್ರ ರೋಗಕ್ಕೆ ಮೊದಲ ಮದ್ದು. ಆದರೆ ಪ್ರತಿರಾತ್ರಿ ಮುಸುಕು ಕಟ್ಟಿಕೊಂಡು ಮಲಗುವುದು ಎಲ್ಲರಿಂದಲೂ ಆಗದು, ವಿದ್ಯುತ್ತೂ ಬೇಕು.

ಇನ್ನೊಂದು ದಾರಿ ಕೆಳದವಡೆಯದು. ನಾಲಗೆಯ ಮುಖ್ಯ ಸ್ನಾಯು ಗದ್ದದ ಎಲುಬಿನ ಒಳಮೈಯಿಂದ ಹೊರಡುತ್ತದೆ. ಆದ್ದರಿಂದ ದವಡೆಯನ್ನು ಮುಂದಕ್ಕೆ ತಂದರೆ ನಾಲಗೆಯ ಬುಡವೂ ಹಿಂಬಾಲಿಸಿ ಬರುತ್ತದೆ. ಅರಿವಳಿಕೆ ಕೊಡುವ ವೈದ್ಯರು, ಪ್ರಜ್ಞೆಯಿಲ್ಲದವನ ಉಸಿರಿನ ದಾರಿ ತೆರೆಯಲು ಹತ್ತೊಂಬತ್ತನೆಯ ಶತಮಾನದಿಂದಲೂ ದವಡೆಯನ್ನು ಕೈಯಿಂದ ಮುಂದೆತ್ತಿ ಹಿಡಿಯುತ್ತ ಬಂದಿದ್ದಾರೆ. ವಾಚಕರೂ ಪರೀಕ್ಷಿಸಬಹುದು. ಕುಳಿತಲ್ಲೇ ಬೇಕೆಂದು ಒಮ್ಮೆ ಗೊರಕೆ ಹೊಡೆಯಿರಿ. ಬಳಿಕ ಕೆಳಹಲ್ಲುಗಳನ್ನು ಮೇಲ್ಹಲ್ಲುಗಳಿಗಿಂತ ಮುಂದೆ ಚಾಚಿ ಮತ್ತೆ ಯತ್ನಿಸಿರಿ. ಬಹುಮಂದಿಗೆ ಎರಡನೆಯ ಸಲ ಸದ್ದು ಸುಲಭವಾಗಿ ಹೊರಡದು.

ರಾತ್ರಿಯಿಡೀ ಕೈಯಿಂದ ಹಿಡಿದಿರುವುದಾಗದು. ಆ ಕೆಲಸವನ್ನು ಹಲ್ಲಿನ ವೈದ್ಯರ ಸಾಧನ ಮಾಡುತ್ತದೆ. ಹಲ್ಲುಗಳ ಅಚ್ಚು ತೆಗೆದು ಮೇಲ್ಸಾಲಿಗೊಂದು, ಕೆಳಸಾಲಿಗೊಂದು ತಟ್ಟೆಯನ್ನು ತಯಾರಿಸಿ, ಕೆಳಗಿನದು ಮುಂದೆ ನಿಲ್ಲುವಂತೆ ಎರಡನ್ನೂ ಜೋಡಿಸುತ್ತಾರೆ. ದವಡೆ ಮುಂದೆ ಚಾಚಬಲ್ಲ ದೂರವು ಸಾಮಾನ್ಯವಾಗಿ 1 ಸೆಂಟಿಮೀಟರಿನ ಆಸುಪಾಸು. ಅದರ ಅರ್ಧದಿಂದ ಮುಕ್ಕಾಲಿನಷ್ಟನ್ನು ಸಣ್ಣ ತಿರುಪಿನಿಂದ ವಾರಗಳ ಮೇಲೆ ನಿಧಾನವಾಗಿ ಸಾಧಿಸುತ್ತಾರೆ. ಎಳೆಯುವುದು ಮುಂದಕ್ಕಾದರೂ ಗಂಟಲು ಅಡ್ಡಲಾಗಿಯೂ ಹಿಗ್ಗುತ್ತದೆಂಬುದು ಚಿತ್ರಗಳಿಂದ ತಿಳಿದಿದೆ. ಪಕ್ಕದ ಗೋಡೆಗಳಿಗೂ ದವಡೆಗೂ ನಡುವೆ ಇರುವ ಸ್ನಾಯುಗಳ ನಂಟೇ ಇದಕ್ಕೆ ಕಾರಣ.

ಸೌಮ್ಯ ಹಾಗೂ ಮಧ್ಯಮ ರೋಗಕ್ಕೆ, ಯಂತ್ರವನ್ನು ಸಹಿಸದವರಿಗೆ, ಇದು ಒಳ್ಳೆಯ ಉಪಾಯ. ಉಸಿರುಕಟ್ಟನ್ನು ತಗ್ಗಿಸುವುದರಲ್ಲಿ ಯಂತ್ರವೇ ಮೇಲು. ಆದರೆ ಪೆಟ್ಟಿಗೆಯಲ್ಲಿಟ್ಟ ಯಂತ್ರಕ್ಕಿಂತ ಬಾಯಲ್ಲಿಟ್ಟ ತಟ್ಟೆ ಮೇಲೆನ್ನಬೇಕಾಗುತ್ತದೆ. ಮೊದಮೊದಲು ಜೊಲ್ಲು ಸುರಿಯುವುದು, ಬೆಳಿಗ್ಗೆ ದವಡೆಯ ಕೀಲು ನೋಯುವುದು ಉಂಟು. ವರ್ಷಗಳು ಕಳೆದಂತೆ ಹಲ್ಲುಗಳ ಹೊಂದಿಕೆ ತುಸು ಬದಲಾಗುವುದೂ ಉಂಟು. ಆಧಾರಕ್ಕೆ ಸಾಕಷ್ಟು ಗಟ್ಟಿ ಹಲ್ಲುಗಳಿಲ್ಲದ ಮುದುಕರಿಗೆ ಇದು ಹೊಂದದು. ಅಂಥವರಿಗಾಗಿ ನಾಲಗೆಯನ್ನೇ ಮುಂದೆ ಹಿಡಿದಿಡುವ ಬೇರೊಂದು ಸಾಧನವನ್ನು 1982ರಿಂದ ಬಲ್ಲೆವು. ಅಡಕೆ, ಗುಟಕಾಗಳನ್ನು ಅಗಿದು ಬಾಯಿ ಬಿಗಿದುಕೊಂಡವರಿಗೆ ಅಚ್ಚು ತೆಗೆಯುವುದೇ ಕಷ್ಟ, ಮತ್ತು ನಮ್ಮ ಸೀಮೆಯಲ್ಲಿ ಅಂಥವರಿಗೆ ಬರವಿಲ್ಲ.

ದಂತವೈದ್ಯ ಮಹಾವಿದ್ಯಾಲಯಗಳು ಬಾಗಲಕೋಟೆ, ಬೆಳಗಾವಿ, ಧಾರವಾಡಗಳಲ್ಲಿವೆ. ಆದರೆ ನೇರವಾಗಿ ಹಲ್ಲಿನ ವೈದ್ಯರಲ್ಲಿಗೆ ಹೋಗುವುದು ಸರಿಯಲ್ಲ. ಮೊದಲು ಒಂದು ರಾತ್ರಿ ಉಸಿರು, ಆಮ್ಲಜನಕ, ಹೃದಯದ ಬಡಿತಗಳನ್ನು ಅಳೆದು ವೈದ್ಯರು ರೋಗವನ್ನು ನಿರ್ಣಯಿಸಬೇಕು. ತಟ್ಟೆ ಸರಿಹೊಂದಿದ ಮೇಲೆ ಅದನ್ನು ಧರಿಸಿಯೇ ಮತ್ತೊಮ್ಮೆ ಅದೇ ಪರೀಕ್ಷೆಗೆ ಮಲಗಬೇಕು. ಏಕೆಂದರೆ ತಟ್ಟೆಯು ಅಂಗುಳಿನ ಕಂಪನವನ್ನಷ್ಟೇ ನಿಲ್ಲಿಸಿ, ಉಸಿರುಕಟ್ಟನ್ನು ಹಾಗೆಯೇ ಉಳಿಸಿರಬಹುದು. ಆಗ ಮನೆಮಂದಿಗೆ ನಿದ್ರೆ ಬರುತ್ತದೆ. ರೋಗಿಯ ಗಂಟಲು ಸದ್ದಿಲ್ಲದೆ ಮುಚ್ಚುತ್ತಲೇ ಇರುತ್ತದೆ.