ನಿಮಗಿದು ಗೊತ್ತೆ? ಸ್ನಾಯುವಿಗೂ ಹಬ್ಬೀತು ಗರ್ಭಕಂಠದ ಕ್ಯಾನ್ಸರ್

ನಮ್ಮ ದೇಹದ ತೂಕದಲ್ಲಿ ಸುಮಾರು ಶೇ 40ರಷ್ಟು ಸ್ನಾಯುವೇ. ರಕ್ತ ಧಾರಾಳವಾಗಿ ಹರಿಯುವ ಈ ಅಂಗಾಂಶಕ್ಕೆ ಕ್ಯಾನ್ಸರ್ ಹಬ್ಬುವುದು ಮಾತ್ರ ತೀರಾ ಅಪರೂಪ. ಸ್ನಾಯುವಿನ ನಿರಂತರ ಚಲನೆ ಮತ್ತು ಅಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಕ್ಯಾನ್ಸರ್ ಕೋಶಗಳನ್ನು ಬೇರೂರಲು ಬಿಡುವುದಿಲ್ಲ ಎಂಬುದು ತಜ್ಞರ ಊಹೆ. ಗರ್ಭಕಂಠದ ಕ್ಯಾನ್ಸರ್ ಸಾಮಾನ್ಯವಾಗಿ ದುಗ್ಧಗ್ರಂಥಿ, ಶ್ವಾಸಕೋಶ, ಯಕೃತ್ತು, ಮೂಳೆಗಳಿಗೆ ಹರಡುತ್ತದೆ. ಆದರೂ ಬೆನ್ನುಮೂಳೆಯ ಪಕ್ಕದಿಂದ ತೊಡೆಯವರೆಗೆ ಇಳಿಯುವ ಸೋಯಸ್ ಸ್ನಾಯುವಿನಲ್ಲಿ ಅದು ಕಾಣಿಸಿಕೊಂಡ ಪ್ರಕರಣಗಳು ದಾಖಲಾಗಿವೆ.

ತೊಡಕಿರುವುದು ಇಲ್ಲೇ. ಔಷಧ ಚುಚ್ಚಿ ತೆಗೆದ ಸಿ.ಟಿ. ಸ್ಕ್ಯಾನ್‌ನಲ್ಲಿ ಈ ಗಡ್ಡೆಯ ಅಂಚು ಬೆಳ್ಳಗೆ, ನಡುಭಾಗ ಕಪ್ಪಗೆ ಕಾಣಬಹುದು. ಕೀವುಗಡ್ಡೆಯೂ ಕಾಣುವುದು ಹಾಗೆಯೇ. ಕ್ಷಯದಿಂದ ಸೋಯಸ್‌ನಲ್ಲಿ ಕೀವು ತುಂಬುವುದು ನಮ್ಮ ದೇಶಕ್ಕೆ ಹೊಸದಲ್ಲ, ಹಾಗಾಗಿ ವೈದ್ಯರ ಅನುಮಾನ ಮೊದಲು ಅತ್ತ ಹೋಗುವುದು ಸಹಜ. ಎಂಆರ್‌ಐ ಗಡ್ಡೆಯ ಗಡಿಯನ್ನೂ ಸುತ್ತಲಿನ ಊತವನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಪೆಟ್-ಸಿ.ಟಿ. ಸಕ್ಕರೆಯನ್ನು ಹೆಚ್ಚು ಹೀರುವ ಜಾಗವನ್ನು ಗುರುತಿಸುತ್ತದೆ; ಆದರೆ ಸೋಂಕು ತಗುಲಿದ ಜಾಗವೂ, ಪರೀಕ್ಷೆಗೆ ಮುನ್ನ ದುಡಿದು ದಣಿದ ಸ್ನಾಯುವೂ ಸಕ್ಕರೆ ಹೀರುತ್ತವೆ. ಹೀಗಾಗಿ ಕೊನೆಯ ಮಾತು ಬಯಾಪ್ಸಿಯದೇ. ಇಷ್ಟು ಅಪರೂಪದ್ದಕ್ಕೆ ಸೂಜಿ ಚುಚ್ಚಬೇಕೇ ಎಂದು ಕೇಳುವವರಿದ್ದಾರೆ. ಕೀವಾದರೆ ಅದನ್ನು ಬಸಿದು ಔಷಧ ಕೊಟ್ಟರೆ ಗುಣವಾದೀತು. ದೂರದ ಸ್ನಾಯುವಿಗೆ ಹಬ್ಬಿದ ಕ್ಯಾನ್ಸರ್ ಆದರೆ ಅದು 4ಬಿ ಹಂತ, ಚಿಕಿತ್ಸೆಯ ದಾರಿಯೇ ಬೇರೆ. ತಪ್ಪು ಊಹೆಯಲ್ಲಿ ಕಳೆಯುವ ವಾರಗಳು ರೋಗಿಗೆ ತುಂಬಾ ದುಬಾರಿ. ಈ ಕ್ಯಾನ್ಸರ್‌ಗೆ ಹಿಂದೆ ಚಿಕಿತ್ಸೆ ಪಡೆದವರಿಗೆ ಸೊಂಟ, ತೊಡೆಯಲ್ಲಿ ಹೊಸ ನೋವು ಬಿಡದೆ ಕಾಡಿದರೆ, ಹಳೆಯ ಕಾಯಿಲೆಯ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.